ಕೊಬ್ಬರಿಗೆ ಬಂದ ನೀಲಿ ಅತಿಥಿ

ಭಾಲ್ಕಿಯ ಒಂದು ಮನೆಯನ್ನು ಓದುಗರು ಕಣ್ಣ ಮುಂದೆ ತಂದುಕೊಳ್ಳಲಿ. ಮಗಳು ಚೊಚ್ಚಲ ಬಾಣಂತನಕ್ಕೆಂದು ತವರಿಗೆ ಬಂದಿದ್ದಾಳೆ. ಕೂಸಿಗೆ ಇನ್ನೂ ಹನ್ನೆರಡು ದಿನ. ಬಾಣಂತಿಗೆ ಅಂಟಿನುಂಡಿ ಕಟ್ಟಬೇಕು. ಅದಕ್ಕಾಗಿ ಅಂಟು, ಉತ್ತತ್ತಿ, ಗಸಗಸೆ, ಬೆಲ್ಲ ಎಲ್ಲವನ್ನೂ ಒಟ್ಟುಗೂಡಿಸಲಾಗಿದೆ. ಮಳೆಗಾಲದ ಮೊದಲೇ ಕೊಂಡು ತಗಡಿನ ಡಬ್ಬಿಯಲ್ಲಿ ತುಂಬಿಟ್ಟಿದ್ದ ಒಣಕೊಬ್ಬರಿಯ ಬಟ್ಟಲುಗಳನ್ನು ತೆಗೆಯಲೆಂದು ತಾಯಿ ಮುಚ್ಚಳ ತೆರೆಯುತ್ತಾಳೆ. ಕೊಬ್ಬರಿಯ ಮೇಲೆ ಮಣಿಯಷ್ಟು ಚಿಕ್ಕದಾದ, ಉಕ್ಕಿನಂತೆ ಹೊಳೆಯುವ ನೀಲಿ ಹುಳುವೊಂದು ಸರಸರನೆ ಓಡಿ ಮರೆಯಾಗುತ್ತದೆ. ಅದರ ಹಿಂದೆ ಇನ್ನೊಂದು. ಬಟ್ಟಲಿನ ತಳದಲ್ಲಿ ಸಣ್ಣ ಹಿಟ್ಟು ಉದುರಿದೆ.

“ಯವ್ವಾ, ಕೊಬ್ಬರ್ಯಾಗ ಹುಳ ಬಿದ್ದಾವ” ಎನ್ನುತ್ತಾಳೆ ಮಗಳು. ಮುದುಕಿ ಅಜ್ಜಿ ಎಲ್ಲವನ್ನೂ ಬಿಸಿಲಿಗೆ ಹಾಕಿ ಕೊಡವಿದರೆ ಸಾಕೆಂದು ಹೇಳುತ್ತಾಳೆ. ತಾಯಿಗೆ ಇಡೀ ಡಬ್ಬಿಯನ್ನೇ ತಿಪ್ಪೆಗೆ ಸುರಿಯುವ ಮನಸ್ಸು. ಮನೆಯ ಯಜಮಾನನಿಗೆ ಬೇರೊಂದು ಉಪಾಯ ಹೊಳೆಯುತ್ತದೆ: ತೊಗರಿಯ ಚೀಲಗಳ ನಡುವೆ ಇಡಲು ತಂದ ಗುಳಿಗೆಗಳು ಎರಡು ಉಳಿದಿವೆಯಲ್ಲ, ಒಂದನ್ನು ಡಬ್ಬಿಯಲ್ಲಿ ಹಾಕಿ ಮುಚ್ಚಿಬಿಟ್ಟರಾಯಿತು!

ಈ ಮೂವರಲ್ಲಿ ಯಾರ ಮಾತು ನಡೆಯಬೇಕು? ನಿರ್ಣಯಿಸುವ ಮೊದಲು ಡಬ್ಬಿಯೊಳಗಿನ ಅತಿಥಿಯ ಪೂರ್ವೋತ್ತರಗಳನ್ನು ಕೊಂಚ ವಿಚಾರಿಸುವುದು ಒಳ್ಳೆಯದು. ಅದರ ವಂಶ ಸಾಮಾನ್ಯವಾದುದಲ್ಲ. ಅದರ ಪ್ರವಾಸವಂತೂ ಯಾವ ನಾವಿಕನ ಪ್ರವಾಸಕ್ಕೂ ಕಡಿಮೆಯದಲ್ಲ.

ಈ ಕೀಟಕ್ಕೆ ಶಾಸ್ತ್ರಜ್ಞರು ಇಟ್ಟ ಹೆಸರು ನೆಕ್ರೋಬಿಯಾ ರೂಫಿಪಿಸ್. ಮೊದಲನೆಯ ಪದ ಗ್ರೀಕ್ ಮೂಲದ್ದು. ಸತ್ತುದರಲ್ಲಿ ಬದುಕುವಂಥದು ಎಂದು ಅದರ ಭಾವ. ಎರಡನೆಯದು ಲ್ಯಾಟಿನ್, ಕೆಂಪು ಕಾಲಿನದು ಎಂದರ್ಥ. ಕೈಮಸೂರದ ಕೆಳಗೆ ಹಿಡಿದು ನೋಡಿದರೆ ಹೆಸರಿನ ಔಚಿತ್ಯ ತಿಳಿಯುತ್ತದೆ. ಉದ್ದ ನಾಲ್ಕರಿಂದ ಏಳು ಮಿಲಿಮೀಟರು. ಬೆನ್ನು ನೀಲಿಯೋ ಹಸಿರೋ ಎಂದು ನಿರ್ಧರಿಸಲಾಗದಂತೆ ಮಿನುಗುವ ಬಣ್ಣ. ಮೈಮೇಲೆಲ್ಲ ನಿಮಿರಿ ನಿಂತ ಸಣ್ಣ ಸಣ್ಣ ಕೂದಲು. ಕಾಲುಗಳು ಇಟ್ಟಿಗೆಯ ಕೆಂಪು. ಮೀಸೆಗಳ ಬುಡವೂ ಕೆಂಪು, ತುದಿಯಲ್ಲಿ ಮಾತ್ರ ಕಪ್ಪಾದ ಪುಟ್ಟ ಗದೆ. ಸ್ವೀಡನ್ ದೇಶದ ಡಿ ಗೀರ್ ಎಂಬ ವಿದ್ವಾಂಸನು 1775ರಲ್ಲಿ ಇದನ್ನು ವರ್ಣಿಸಿ ಹೆಸರಿಟ್ಟನು. ಪಶ್ಚಿಮದ ಮಾಂಸದ ಉಗ್ರಾಣಗಳಲ್ಲಿ ಉಪ್ಪು ಸವರಿ ಒಣಗಿಸಿದ ಹಂದಿಯ ತೊಡೆಗಳಿಗೆ ಇದು ಮುತ್ತುವುದರಿಂದ ಅಲ್ಲಿಯವರು ಇದಕ್ಕೆ ಆ ಮಾಂಸದ ಹೆಸರನ್ನೇ ಕೊಟ್ಟಿದ್ದಾರೆ. ತೆಂಗಿನ ನಾಡುಗಳಲ್ಲಿ ಇದು ಕೊಬ್ಬರಿಯ ದುಂಬಿ.

ಇದು ಹುಟ್ಟಿದ ಕುಲಕ್ಕೆ ಕ್ಲೆರಿಡೀ ಎಂದು ಹೆಸರು. ಜಗತ್ತಿನಲ್ಲಿ ಈ ಕುಲದ ಪ್ರಭೇದಗಳು ಮೂರು ಸಾವಿರಕ್ಕೂ ಹೆಚ್ಚಾಗಿವೆ. ಅವುಗಳಲ್ಲಿ ಅನೇಕಕ್ಕೆ ಬೆನ್ನಿನ ಮೇಲೆ ಕೆಂಪು, ಹಳದಿ, ಕಪ್ಪು, ಬಿಳಿ ಪಟ್ಟಿಗಳು ನೇಯ್ಗೆಯ ಚೌಕುಳಿಯಂತೆ ಹಾಯ್ದಿರುವುದರಿಂದ ಚೌಕುಳಿ ದುಂಬಿಗಳೆಂದು ಕರೆಯಬಹುದು. ನಮ್ಮ ಕೊಬ್ಬರಿಯ ದುಂಬಿಗೆ ಮಾತ್ರ ಆ ಚೌಕುಳಿಯ ಭಾಗ್ಯವಿಲ್ಲ. ಅಣ್ಣತಮ್ಮಂದಿರೆಲ್ಲ ಜರಿಯಂಚಿನ ಪಂಚೆ ಉಟ್ಟು ನಿಂತಲ್ಲಿ ಇದೊಂದು ಏಕವರ್ಣದ ಅಂಗಿ ತೊಟ್ಟು ನಿಂತಂತಿದೆ.

ಉಡುಪಿಗಿಂತ ಮುಖ್ಯವಾದುದು ಈ ಕುಲದ ಕಸುಬು. ಚೌಕುಳಿ ದುಂಬಿಗಳಲ್ಲಿ ಬಹುಪಾಲು ಬೇಟೆಗಾರರು. ಮರದ ತೊಗಟೆಯ ಅಡಿಯಲ್ಲಿ ಸುರಂಗ ಕೊರೆಯುವ ಹುಳುಗಳನ್ನು ಹುಡುಕಿ ಹಿಡಿದು ತಿನ್ನುವುದು ಇವುಗಳ ಕೆಲಸ. ಯೂರೋಪಿನ ಪೈನ್ ಕಾಡುಗಳಲ್ಲಿ ಥನಾಸಿಮಸ್ ಎಂಬ ಬಂಧುವೊಂದು ತೊಗಟೆಯ ಹುಳುಗಳಿಗೆ ಯಮನೆನಿಸಿದೆ. ಟ್ರೈಕೋಡಿಸ್ ಎಂಬ ಮತ್ತೊಂದು ಹೂಗಳ ಮೇಲೆ ಸುಖವಾಗಿ ಓಡಾಡಿಕೊಂಡಿರುವುದಾದರೂ ಅದರ ಮರಿಗಳು ಜೇನುಹುಳುಗಳ ಗೂಡನ್ನು ಹೊಕ್ಕು ಒಳಗಿನ ಮರಿಗಳನ್ನು ತಿನ್ನುವುದುಂಟು. ಉಗ್ರಾಣಗಳಲ್ಲಿ ಒಣಶುಂಠಿ, ತಂಬಾಕುಗಳನ್ನು ಕೊರೆಯುವ ಕಂದು ಹುಳುವನ್ನು ಬೇಟೆಯಾಡುವ ಥನೆರೋಕ್ಲೀರಸ್ ಎಂಬುದು ನಮ್ಮ ದೇಶದಲ್ಲಿಯೂ ಉಂಟು.

ಬೀದರಿನ ವಿಷಯದಲ್ಲಿ ಹೇಳಲೇಬೇಕಾದ ಬಂಧು ಇನ್ನೊಂದಿದೆ. ಬೀದರ ಎಂಬ ಹೆಸರು ಬಿದಿರಿನಿಂದ ಬಂದುದೆಂದು ಜನರ ನಂಬಿಕೆ. ಬಿದಿರು ಕಡಿದು ತಂದ ಕೆಲವೇ ವಾರಗಳಲ್ಲಿ ಅದರ ಗಣ್ಣುಗಳಿಂದ ಹಳದಿಯ ಹಿಟ್ಟು ಉದುರತೊಡಗುವುದನ್ನು ಮೇದಾರರೂ ಗೃಹಿಣಿಯರೂ ಚೆನ್ನಾಗಿ ಬಲ್ಲರು. ಇದು ಡೈನೋಡಿರಸ್ ಎಂಬ ಕುಟ್ಟೆಹುಳುವಿನ ಕೆಲಸ. ಬಿದಿರಿನ ಒಳಗಿರುವ ಪಿಷ್ಟಕ್ಕೆ ಅದು ಮರುಳಾಗಿ ಬರುತ್ತದೆ. ಕಡಿದ ಬಿದಿರನ್ನು ನೀರಿನಲ್ಲಿ ನೆನೆಹಾಕುವ ಹಳೆಯ ಪದ್ಧತಿ ಅರ್ಥಹೀನವಾದುದಲ್ಲ. ನೆನೆದ ಬಿದಿರಿನಲ್ಲಿ ಪಿಷ್ಟ ಕಡಿಮೆಯಾಗಿ ಹುಳುವಿಗೆ ರುಚಿ ಕೆಡುತ್ತದೆ. ಈ ಕುಟ್ಟೆಹುಳುವನ್ನು ಬೆನ್ನಟ್ಟಿ ಬರುವುದೇ ಟಿಲ್ಲೋಯ್ಡಿಯ ನೊಟಾಟ ಎಂಬ ಚೌಕುಳಿ ದುಂಬಿ. ಇದರ ಮರಿ ತೆಳ್ಳಗೆ ಉದ್ದವಾಗಿದ್ದು, ಕಳ್ಳನು ಕೊರೆದ ಕನ್ನದಲ್ಲಿಯೇ ಪೊಲೀಸಿನವನು ನುಸುಳಿದಂತೆ, ಕುಟ್ಟೆಹುಳುವಿನ ಸುರಂಗದೊಳಗೇ ಹೋಗಿ ಅದನ್ನು ತಿನ್ನುತ್ತದೆ. ದೆಹರಾದೂನಿನ ಅರಣ್ಯ ಸಂಶೋಧನಾಲಯದ ಕೀಟಶಾಸ್ತ್ರಜ್ಞರು ಇದರ ಉಪಕಾರವನ್ನು ಬಹುಕಾಲದ ಹಿಂದೆಯೇ ಗುರುತಿಸಿದ್ದರು. ಬುಟ್ಟಿಯಿಂದ ಚೌಕುಳಿಯ ಪುಟ್ಟ ದುಂಬಿ ಹೊರಬಂದುದನ್ನು ಕಂಡು ಅದೇ ಅಪರಾಧಿಯೆಂದು ಹೊಸಕಿಬಿಡುವವರು, ಕಳ್ಳನನ್ನು ಬಿಟ್ಟು ಕಾವಲುಗಾರನನ್ನು ದಂಡಿಸಿದಂತಾಗುತ್ತದೆ.

ಇಂತಹ ಬೇಟೆಗಾರರ ಮನೆತನದಲ್ಲಿ ಹುಟ್ಟಿದ ಕೆಂಪು ಕಾಲಿನ ದುಂಬಿಯು ಕೊಬ್ಬರಿಯ ದಾರಿ ಹಿಡಿದುದು ಹೇಗೆ? ಉತ್ತರಕ್ಕಾಗಿ ಅಡಿಗೆಮನೆಯನ್ನು ಬಿಟ್ಟು ಔರಾದ ತಾಲೂಕಿನ ಕಡೆಗೆ ಹೋಗಬೇಕು.

ಬೀದರ ನಗರ ನಿಂತಿರುವುದು ಜಂಬುಕಲ್ಲಿನ ಎತ್ತರದ ಹಾಸಿನ ಮೇಲೆ. ಸಮುದ್ರಮಟ್ಟದಿಂದ ಸುಮಾರು 2,200 ಅಡಿ. ಅಲ್ಲಿನ ಕೆಮ್ಮಣ್ಣನ್ನು ಬಿಟ್ಟು ಇಳಿದು, ಮಾಂಜ್ರಾ ನದಿಯ ಸೀಮೆಯ ಭಾಲ್ಕಿ, ಔರಾದಗಳ ಕಡೆಗೆ ಸಾಗಿದರೆ ಎರೆಯ ಹೊಲಗಳು ತೆರೆಯುತ್ತವೆ: ತೊಗರಿ, ಹೆಸರು, ಉದ್ದು, ಜೋಳ, ಸೋಯಾ. ಈ ಹೊಲಗಳನ್ನು ತಲೆತಲಾಂತರದಿಂದ ಉತ್ತುದು ದೇವಣಿ ತಳಿಯ ದನ. ಬಿಳಿಯ ಮೈಮೇಲೆ ಕರಿಯ ಮಚ್ಚೆಗಳ ಈ ತಳಿಗೆ ನೆರೆಯ ಲಾತೂರ ಜಿಲ್ಲೆಯ ದೇವಣಿಯಿಂದ ಹೆಸರು ಬಂದಿದೆ. ಬದುಕಿದ್ದಷ್ಟು ದಿನ ದುಡಿದ ಎತ್ತು ಸತ್ತ ಮೇಲೆ ಊರ ಹೊರಗಿನ ಬಯಲನ್ನು ಸೇರುತ್ತದೆ.

ಆ ಬಯಲಿನಲ್ಲಿ ನಡೆಯುವ ಕಾರ್ಯಕ್ಕೆ ಒಂದು ಕ್ರಮವಿದೆ. ಮೊದಲ ಗಳಿಗೆಯಲ್ಲಿಯೇ ನೊಣಗಳು ಬಂದು ಮೊಟ್ಟೆಯಿಡುತ್ತವೆ. ಅವುಗಳ ಮರಿಗಳು ಮೆತ್ತನೆಯ ಭಾಗವನ್ನು ಮುಗಿಸುತ್ತವೆ. ಬಿಸಿಲಿಗೆ ಚರ್ಮವೂ ನರಗಳೂ ಒಣಗಿ ಬಿಗಿದ ಬಳಿಕ ಚರ್ಮ ತಿನ್ನುವ ಕಂದು ದುಂಬಿಗಳ ಸರದಿ. ಊಟದ ಕೊನೆಯ ಪಂಕ್ತಿಯಲ್ಲಿ, ಎಲುಬು, ಒಣಗಿದ ಕೊಬ್ಬು, ಗೊರಸು ಉಳಿದಿರುವಾಗ, ಬಂದು ಕೂಡುವ ಅತಿಥಿಗಳಲ್ಲಿ ಈ ಕೆಂಪು ಕಾಲಿನ ದುಂಬಿ ಒಂದು. ಅದು ಒಣಗಿದ ಕೊಬ್ಬನ್ನು ತಿನ್ನುತ್ತದೆ; ಜೊತೆಗೆ ಅಲ್ಲಿರುವ ನೊಣದ ಮರಿಗಳನ್ನೂ, ಚರ್ಮದ ದುಂಬಿಯ ಮರಿಗಳನ್ನೂ ಹಿಡಿದು ನುಂಗುತ್ತದೆ. ಕುಲದ ಬೇಟೆಯ ಕಸುಬನ್ನು ಅದು ಮರೆತಿಲ್ಲ. ಬೇಟೆ ಸಿಗುವ ಜಾಗದಲ್ಲಿ ಕೊಬ್ಬಿನ ರುಚಿಯನ್ನೂ ಕಲಿತುಕೊಂಡಿತು, ಅಷ್ಟೆ. ಈ ಸರದಿಯ ಕ್ರಮ ಎಷ್ಟು ನಿಶ್ಚಿತವೆಂದರೆ, ಮರಣ ಸಂಭವಿಸಿ ಎಷ್ಟು ಕಾಲವಾಯಿತೆಂಬುದನ್ನು ಅಳೆಯಲು ಅಪರಾಧ ಶೋಧನೆಯ ತಜ್ಞರು ಇಂತಹ ಕೀಟಗಳ ಸಾಕ್ಷ್ಯವನ್ನು ಪಡೆಯುತ್ತಾರೆ.

ಹಿಂದಿನ ಕಾಲದಲ್ಲಿ ಈ ಪಂಕ್ತಿಯ ಅಗ್ರಾಸನ ರಣಹದ್ದುಗಳದು. ಗುಂಪಾಗಿ ಇಳಿದರೆ ದೊಡ್ಡ ದನದ ದೇಹವನ್ನೂ ಅವು ಅಲ್ಪ ಕಾಲದಲ್ಲಿ ಮುಗಿಸುತ್ತಿದ್ದವು. 1990ರ ದಶಕದಿಂದ ಭಾರತದಾದ್ಯಂತ ಅವುಗಳ ಮುಖ್ಯ ಜಾತಿಗಳು ಶೇಕಡಾ 95ಕ್ಕೂ ಮಿಗಿಲಾಗಿ ಅಳಿದುಹೋದವು. ದನಗಳಿಗೆ ನೋವು ಶಮನಕ್ಕೆಂದು ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧವು ಸತ್ತ ದನದ ಮಾಂಸದ ಮೂಲಕ ಹದ್ದುಗಳ ಮೂತ್ರಪಿಂಡಗಳನ್ನು ಕೆಡಿಸುವುದೆಂದು 2004ರಲ್ಲಿ ಪ್ರಕಟವಾಯಿತು. 2006ರಲ್ಲಿ ಪಶುಚಿಕಿತ್ಸೆಗೆ ಅದರ ಬಳಕೆಯನ್ನು ಭಾರತದಲ್ಲಿ ನಿಷೇಧಿಸಲಾಯಿತು. ಅಗ್ರಾಸನ ಬರಿದಾದ ಮೇಲೆ ಬಯಲಿನ ಕೆಲಸ ನಾಯಿಗಳ ಪಾಲಿಗೂ ಕೀಟಗಳ ಪಾಲಿಗೂ ಬಿದ್ದಿತು. ನಾಯಿಗಳು ಹೆಚ್ಚಿದರೆ ಊರಿಗೆ ಹುಚ್ಚುನಾಯಿಯ ಭಯ. ಕೀಟಗಳಿಂದ ಅಂತಹ ಭಯವಿಲ್ಲ. ಹೆಸರಿಲ್ಲದ ಈ ಜಾಡಮಾಲಿಗಳಿಗೆ ಊರು ಋಣಿಯಾಗಿರಬೇಕಾದುದು ನ್ಯಾಯ.

ಬಯಲಿನ ಈ ಜೀವಿ ಅಡಿಗೆಮನೆಗೆ ಬಂದುದು ವ್ಯಾಪಾರದ ಬಂಡಿಯಲ್ಲಿ. ಒಣಗಿದ ಕೊಬ್ಬಿಗೆ ಸಮಾನವಾದ ವಸ್ತುವನ್ನು ಮನುಷ್ಯನೇ ತಯಾರಿಸಿ ರಾಶಿ ಹಾಕತೊಡಗಿದ್ದಾನೆ: ಒಣಮೀನು, ಗಿಣ್ಣು, ಉಪ್ಪು ಹಾಕಿದ ಮಾಂಸ, ಎಲುಬಿನ ಪುಡಿ, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಕೊಬ್ಬರಿ. ಒಳ್ಳೆಯ ಕೊಬ್ಬರಿಯ ತೂಕದಲ್ಲಿ ಮೂರನೆಯ ಎರಡು ಪಾಲಿನಷ್ಟು ಎಣ್ಣೆಯೇ ಇರುವುದರಿಂದ ದುಂಬಿಯ ನಾಲಗೆಗೆ ಎಲುಬಿನ ಮಜ್ಜೆಗೂ ಕೊಬ್ಬರಿಗೂ ಹೆಚ್ಚು ಭೇದ ಕಾಣುವುದಿಲ್ಲ.

ಬೀದರ ಸೀಮೆ ತೆಂಗಿನ ನಾಡಲ್ಲ. ಅಲ್ಲಿನ ಉಡಿಗೂ ಉಂಡಿಗೂ ಬೇಕಾದ ಕೊಬ್ಬರಿ ಹೊರಗಿನಿಂದಲೇ ಬರಬೇಕು. ಕನ್ನಡ ನಾಡಿನಲ್ಲಿ ಕೊಬ್ಬರಿಗೆ ಹೆಸರಾದ ಪೇಟೆ ತಿಪಟೂರು. ಅಲ್ಲಿಯ ಸುತ್ತಿನ ರೈತರು ಬಲಿತ ಕಾಯಿಗಳನ್ನು ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳ ಕಾಲ ಇಟ್ಟು, ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟು, ಅಲ್ಲಾಡಿಸಿದರೆ ಗಟಗಟ ಸದ್ದು ಬರುವ ತನಕ ಕಾಯುತ್ತಾರೆ. ಹೀಗೆ ಸಿದ್ಧವಾದ ಉಂಡೆ ಕೊಬ್ಬರಿ ಉತ್ತರ ಭಾರತದ ದೂರದ ಪೇಟೆಗಳಿಗೂ ಹೋಗುತ್ತದೆ. ಚಿಪ್ಪಿನೊಳಗೆ ಇರುವವರೆಗೆ ತಿರುಳಿಗೆ ಕೀಟದ ಭಯವಿಲ್ಲ. ಚಿಪ್ಪು ಒಡೆದು, ಚೀಲ ತುಂಬಿ, ಗೋದಾಮಿನಿಂದ ಗೋದಾಮಿಗೆ, ಲಾರಿಯಿಂದ ಅಂಗಡಿಗೆ ಸಾಗುವಾಗ ನೀಲಿ ಪ್ರಯಾಣಿಕನು ಟಿಕೀಟಿಲ್ಲದೆ ಹತ್ತುತ್ತಾನೆ. ಇದಕ್ಕೆ ರೆಕ್ಕೆಗಳೂ ಇವೆ. ಒಂದು ಚೀಲದಿಂದ ಮತ್ತೊಂದಕ್ಕೆ ಹಾರಿಹೋಗುವುದು ಕಷ್ಟವಲ್ಲ.

ಲಾರಿಯಲ್ಲಿ ನಡೆಯುವುದೇ ಹಡಗಿನಲ್ಲಿಯೂ ನಡೆಯಿತು. ಶಾಂತಸಾಗರದ ದ್ವೀಪಗಳಿಂದ ಕೊಬ್ಬರಿ ಹೇರಿಕೊಂಡು ಹೊರಟ ಹಡಗುಗಳಲ್ಲಿ ಈ ದುಂಬಿಗಳು ಸಹಸ್ರಾರು ಸಂಖ್ಯೆಯಲ್ಲಿ ಎದ್ದು, ನಾವಿಕರ ಹಾಸಿಗೆ, ಊಟದ ತಟ್ಟೆ ಏನನ್ನೂ ಬಿಡದೆ ಹರಿದಾಡುತ್ತಿದ್ದವು. ಹೀಗೆ ಈ ದುಂಬಿ ಭೂಮಂಡಲದ ಬೆಚ್ಚಗಿನ ನಾಡುಗಳಲ್ಲೆಲ್ಲ ನೆಲೆಯೂರಿತು. ಅದರ ಪ್ರಯಾಣ ಇತ್ತೀಚಿನದೇನೂ ಅಲ್ಲ. ಇಂಗ್ಲೆಂಡಿನ ಹೋಪ್ ಎಂಬ ವಿದ್ವಾಂಸನು 1834ರಲ್ಲಿ ಈಜಿಪ್ತಿನ ಮಮ್ಮಿಯೊಂದರಲ್ಲಿ ದೊರೆತ ದುಂಬಿಗಳನ್ನು ಪರೀಕ್ಷಿಸಿ, ಹೊಸ ಜಾತಿಯೆಂದು ಬಗೆದು ಮಮ್ಮಿಗಳ ಹೆಸರನ್ನೇ ಅದಕ್ಕೆ ಇಟ್ಟನು. ಅದು ಬೇರೆ ಜಾತಿಯಲ್ಲ, ನಮ್ಮ ಕೊಬ್ಬರಿ ಡಬ್ಬಿಯ ದುಂಬಿಯೇ ಎಂಬುದು ಆಮೇಲೆ ಸ್ಪಷ್ಟವಾಯಿತು. ರಾಜರ ದೇಹವನ್ನು ಚಿರಕಾಲ ಉಳಿಸಲೆಂದು ಸುಗಂಧ ಲೇಪಿಸಿದವರ ಶ್ರಮಕ್ಕೂ ಈ ಪುಟ್ಟ ಅತಿಥಿ ಮನ್ನಣೆ ಕೊಡಲಿಲ್ಲ.

ಅದರ ವಿಸ್ತಾರಕ್ಕೆ ಮೇರೆ ಹಾಕುವುದು ಚಳಿ. ಸುಮಾರು 30ರಿಂದ 34 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಅದಕ್ಕೆ ಅತ್ಯಂತ ಹಿತ. 20ಕ್ಕಿಂತ ಕೆಳಗೆ ಬೆಳವಣಿಗೆ ಬಹುಮಟ್ಟಿಗೆ ನಿಂತುಹೋಗುತ್ತದೆ. ಆದ್ದರಿಂದ ಯೂರೋಪಿನ ಉತ್ತರದಲ್ಲಿ ಬೆಚ್ಚಗಿನ ಉಗ್ರಾಣಗಳ ಆಶ್ರಯವಿಲ್ಲದೆ ಅದು ಬಾಳಲಾರದು. ಬೇಸಿಗೆಯಲ್ಲಿ 40 ಡಿಗ್ರಿಯ ಸಮೀಪಕ್ಕೆ ಏರುವ ಬೀದರಿನಲ್ಲಿ ಅದಕ್ಕೆ ಬೇಕಾದ ಸೆಕೆ ವರ್ಷದ ಹೆಚ್ಚಿನ ತಿಂಗಳುಗಳಲ್ಲಿ ಪುಕ್ಕಟೆಯಾಗಿ ದೊರೆಯುತ್ತದೆ.

ಅದರ ಸಂಸಾರದ ರೀತಿಯೂ ತಿಳಿದಿರಲಿ. ಹೆಣ್ಣು ದುಂಬಿ ಕೊಬ್ಬರಿಯ ಬಿರುಕುಗಳಲ್ಲಿ ಬಾಳೆಯ ಹಣ್ಣಿನಂತೆ ಕೊಂಚ ಬಾಗಿದ, ಮಿಲಿಮೀಟರಿನಷ್ಟು ಉದ್ದದ ಮೊಟ್ಟೆಗಳನ್ನು ಇಡುತ್ತದೆ. ನಾಲ್ಕೈದು ದಿನಗಳಲ್ಲಿ ಮರಿ ಹೊರಬರುತ್ತದೆ. ಬೂದಿಯ ಬಣ್ಣದ ಮೈಮೇಲೆ ನೇರಳೆಯ ಮಚ್ಚೆ, ಕಂದು ತಲೆ, ಬಾಲದ ತುದಿಯಲ್ಲಿ ಮೇಲಕ್ಕೆ ಬಾಗಿದ ಎರಡು ಕೊಂಬು: ಇದು ಮರಿಯ ಗುರುತು. ಬೆಳೆದರೆ ಒಂದು ಸೆಂಟಿಮೀಟರು. ದೊಡ್ಡ ದುಂಬಿ ಮೇಲುಮೇಲೆ ಕೆರೆದು ತಿಂದರೆ ಮರಿ ಒಳಗೆ ಕೊರೆಯುತ್ತದೆ; ಹಾನಿಯ ಹೆಚ್ಚಿನ ಪಾಲು ಅದರದೇ. ಬೆಳಕನ್ನು ಕಂಡರೆ ಅದಕ್ಕೆ ಆಗದು. ಕೋಶಾವಸ್ಥೆಯ ಕಾಲ ಬಂದಾಗ ಅದು ತಿಂಡಿಯನ್ನು ಬಿಟ್ಟು ಒಣಗಿದ ಮೂಲೆಯೊಂದನ್ನು ಹುಡುಕಿ, ಬಾಯಿಂದ ನೊರೆಯಂಥ ದ್ರವವನ್ನು ಹೊರಡಿಸಿ ಬಾಗಿಲು ಮುಚ್ಚಿಕೊಳ್ಳುತ್ತದೆ. ನೊರೆ ಆರಿ ಬಿಳಿಯ ಕಾಗದದಂತೆ ಗಟ್ಟಿಯಾಗುತ್ತದೆ. ಅನುಕೂಲವಾದ ಸೆಕೆಯಲ್ಲಿ ಮೊಟ್ಟೆಯಿಂದ ದುಂಬಿಯವರೆಗಿನ ಸುತ್ತು ಐದಾರು ವಾರಗಳಲ್ಲಿ ಮುಗಿಯುವುದುಂಟು. ದುಂಬಿಯು ಒಂದು ವರ್ಷಕ್ಕೂ ಮೀರಿ ಬದುಕಬಲ್ಲದು. ತಿಂಡಿ ಸಾಲದಾದರೆ ತನ್ನ ಕುಲದ ಮೊಟ್ಟೆಗಳನ್ನೇ ತಿನ್ನಲೂ ಹಿಂಜರಿಯದು.

ಇಷ್ಟು ಕೇಳಿದ ಮೇಲೆ, ಇಂತಹ ಜೀವಿಯಿಂದ ಯಾರಿಗೆ ಏನು ಪ್ರಯೋಜನ ಎಂದು ಓದುಗರು ಕೇಳಬಹುದು. ಅದರ ಸೋದರಜಾತಿಯೊಂದು ಮನುಷ್ಯನಿಗೆ ಪ್ರಾಣದಾನ ಮಾಡಿದ ಕಥೆ ಕೀಟಶಾಸ್ತ್ರದ ಇತಿಹಾಸದಲ್ಲಿ ಸ್ಥಿರವಾಗಿ ನಿಂತಿದೆ.

ಫ್ರಾನ್ಸಿನ ಮಹಾಕ್ರಾಂತಿಯ ಕಾಲವದು. ಪಿಯೇರ್ ಆಂದ್ರೆ ಲಾಟ್ರೇಯ್ ಎಂಬ ಪಾದ್ರಿಗೆ ದೇವಾಲಯದ ಕೆಲಸಕ್ಕಿಂತ ಕೀಟಗಳ ಮೇಲೆ ಹೆಚ್ಚು ಪ್ರೀತಿ. ಪಾದ್ರಿಗಳ ಮೇಲೆ ಕ್ರಾಂತಿಯ ಸರಕಾರದ ಕಣ್ಣು ಕೆಂಪಾಗಿದ್ದ ಸಮಯದಲ್ಲಿ, 1793ರಲ್ಲಿ, ಅವನು ಸೆರೆ ಸಿಕ್ಕಿ ಬೋರ್ಡೋ ನಗರದ ಕಾರಾಗೃಹವನ್ನು ಸೇರಿದನು. ಒಂದು ದಿನ ಕೈದಿಗಳನ್ನು ನೋಡಲು ಬಂದ ಸೆರೆಮನೆಯ ವೈದ್ಯನು, ಮೃತ್ಯುವಿನ ಬಾಗಿಲಲ್ಲಿ ಕುಳಿತವನೊಬ್ಬ ನೆಲದ ಮೇಲೆ ಹರಿಯುತ್ತಿದ್ದ ಹುಳುವನ್ನು ತನ್ಮಯನಾಗಿ ಪರೀಕ್ಷಿಸುತ್ತಿದ್ದುದನ್ನು ಕಂಡು ಬೆರಗಾದನು. ಇದು ಅಪರೂಪದ ದುಂಬಿ ಎಂದು ಲಾಟ್ರೇಯ್ ವಿವರಿಸಿದನು. ಕೆಂಪು ಕೊರಳಿನ ಆ ದುಂಬಿ ನೆಕ್ರೋಬಿಯಾ ರೂಫಿಕೋಲಿಸ್. ವೈದ್ಯನು ಅದನ್ನು ಊರಿನಲ್ಲಿದ್ದ ಒಬ್ಬ ಹುಡುಗನಿಗೆ ಕಳುಹಿಸಿದನು. ಪ್ರಕೃತಿಶಾಸ್ತ್ರದ ಹುಚ್ಚು ಹತ್ತಿದ್ದ ಆ ಹುಡುಗ ಬೋರಿ ಡ ಸೇಂಟ್ ವಿನ್ಸೆಂಟ್. ವಯಸ್ಸು ಇನ್ನೂ ಹದಿನೈದರ ಸುಮಾರು. ಲಾಟ್ರೇಯನ ವಿದ್ವತ್ತನ್ನು ಅವನು ಮೊದಲೇ ಬಲ್ಲವನಾಗಿದ್ದನು. ಇಂತಹವನು ಸಾಯಬಾರದೆಂದು ಅವನು ಹಟ ಹಿಡಿದು ಪ್ರಯತ್ನಿಸಿ ಬಿಡುಗಡೆಯ ಆಜ್ಞೆಯನ್ನು ಪಡೆದನು. ಲಾಟ್ರೇಯನೂ ಅವನ ಜೊತೆಯ ಕೈದಿಯೊಬ್ಬನೂ ಹೊರಬಂದರು. ಅದೇ ಸೆರೆಯಲ್ಲಿ ಉಳಿದವರು ಒಂದು ತಿಂಗಳೊಳಗೆ ಪ್ರಾಣ ಕಳೆದುಕೊಂಡರು.

ಲಾಟ್ರೇಯ್ ಮುಂದೆ ಪ್ಯಾರಿಸ್ಸಿನ ಪ್ರಕೃತಿ ವಸ್ತುಸಂಗ್ರಹಾಲಯದಲ್ಲಿ ಪ್ರಾಧ್ಯಾಪಕನಾಗಿ, ತನ್ನ ಕಾಲದ ಅಗ್ರಗಣ್ಯ ಕೀಟಶಾಸ್ತ್ರಜ್ಞನೆನಿಸಿ, 1833ರಲ್ಲಿ ತೀರಿಕೊಂಡನು. ಅವನ ಸಮಾಧಿಯ ಕಂಬದ ಮೇಲೆ ಈ ದುಂಬಿಯ ಹೆಸರನ್ನೂ, ಅದು ಅವನ ಪ್ರಾಣರಕ್ಷಕನೆಂಬುದನ್ನೂ ಲ್ಯಾಟಿನ್ ಭಾಷೆಯಲ್ಲಿ ಕೆತ್ತಲಾಯಿತು. ದುಂಬಿ ತಾನಾಗಿ ಏನನ್ನೂ ಮಾಡಲಿಲ್ಲ. ಸೆರೆಮನೆಯ ನೆಲದ ಮೇಲೆ ಹರಿದು ಹೋಯಿತು. ಅದನ್ನು ಹೊಸಕುವ ಬದಲು ಬಾಗಿ ನೋಡಿದವನು ಬದುಕಿಕೊಂಡನು.

ಇನ್ನು ಭಾಲ್ಕಿಯ ಮನೆಗೆ ಮರಳಬಹುದು. ಅಲ್ಲಿಯೂ ಬಾಗಿ ನೋಡುವುದರಲ್ಲಿಯೇ ಕ್ಷೇಮವಿದೆ.

ಹಸಿಯ ತೆಂಗಿನ ತಿರುಳಿನಲ್ಲಿ ಅರ್ಧದಷ್ಟು ನೀರು. ಚೆನ್ನಾಗಿ ಒಣಗಿದ ಕೊಬ್ಬರಿಯಲ್ಲಿ ಅದು ಶೇಕಡಾ 6ರ ಆಸುಪಾಸಿಗೆ ಇಳಿದಿರಬೇಕು. ಅಷ್ಟು ಒಣಗಿದ, ಬಿರುಕಿಲ್ಲದ ಬಟ್ಟಲು ಕೀಟಕ್ಕೆ ಸುಲಭವಾದ ತುತ್ತಲ್ಲ. ತೇವ ಉಳಿದ, ಒಡೆದ, ಬೂಷ್ಟು ಹಿಡಿದ ಕೊಬ್ಬರಿಯೆಂದರೆ ಅದಕ್ಕೆ ಹಬ್ಬ. ಆದುದರಿಂದ ಡಬ್ಬಿಯಲ್ಲಿ ಕಂಡ ನೀಲಿ ದುಂಬಿಯನ್ನು ಒಂದು ಸುದ್ದಿಯೆಂದು ತಿಳಿಯಬೇಕು. ಈ ಡಬ್ಬಿಗೆ ತೇವ ಹೊಕ್ಕಿದೆ, ಇನ್ನೇನು ಹೊಕ್ಕಿದೆಯೋ ನೋಡಿಕೊಳ್ಳಿ ಎಂದು ಅದು ಹೇಳುತ್ತಿದೆ.

ಆ ಇನ್ನೇನು ಎಂಬುದೇ ಇಲ್ಲಿ ಮುಖ್ಯ. ಇಂಗ್ಲೆಂಡಿನಲ್ಲಿ 1960ರಲ್ಲಿ ಲಕ್ಷ ಸಂಖ್ಯೆಯ ಟರ್ಕಿ ಕೋಳಿಗಳು ಒಮ್ಮೆಲೇ ಸತ್ತವು. ಕಾರಣ ಹುಡುಕಿದಾಗ ಅವಕ್ಕೆ ತಿನ್ನಿಸಿದ ಶೇಂಗಾ ಹಿಂಡಿಯಲ್ಲಿ ಬೂಷ್ಟೊಂದು ಬೆಳೆದು ವಿಷ ಕಾರಿದ್ದುದು ತಿಳಿದುಬಂದಿತು. ಆ ವಿಷಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಾಯಿತು. ಶೇಂಗಾ, ಮೆಕ್ಕೆಜೋಳ, ಕೊಬ್ಬರಿ, ಇವು ತೇವದಲ್ಲಿ ಉಳಿದರೆ ಆ ಬೂಷ್ಟಿಗೆ ಒಳ್ಳೆಯ ನೆಲೆ. ಅದು ಯಕೃತ್ತನ್ನು ಕೆಡಿಸುತ್ತದೆ. ಹುರಿದರೂ ಕರಿದರೂ ಪೂರ್ತಿಯಾಗಿ ನಾಶವಾಗುವುದಿಲ್ಲ. ಬಾಣಂತಿಯ ಮನೆಯವರು ಮುಖ್ಯವಾಗಿ ನೆನಪಿಡಬೇಕಾದ ಸಂಗತಿಯೆಂದರೆ, ತಾಯಿ ತಿಂದ ಈ ವಿಷದ ಅಂಶವು ರೂಪಾಂತರ ಹೊಂದಿ ಎದೆಹಾಲಿಗೂ ಇಳಿಯುತ್ತದೆ. ದನಕ್ಕೆ ಹಾಕಿದರೆ ಅದರ ಹಾಲಿಗೂ ಇಳಿಯುತ್ತದೆ. ಮೇಲಿನ ಬೂಷ್ಟನ್ನು ಒರೆಸಿ ಉಳಿದುದನ್ನು ಉಂಡಿಗೆ ಹಾಕುವ ಮಿತವ್ಯಯ ಹನ್ನೆರಡು ದಿನದ ಕೂಸಿನ ಮನೆಯಲ್ಲಿ ಸಲ್ಲದು.

ಯಜಮಾನನ ಗುಳಿಗೆಯ ಉಪಾಯವಂತೂ ಎಲ್ಲಕ್ಕಿಂತ ಘೋರವಾದುದು. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಗುಲಿದೊಡನೆ ಅದರಿಂದ ಫಾಸ್ಫೀನ್ ಎಂಬ ಮಾರಕ ಅನಿಲ ಹೊರಡುತ್ತದೆ. ಅದನ್ನು ಇಳಿಸಬಲ್ಲ ಮದ್ದು ಇಲ್ಲ. ಜನವಾಸವಿಲ್ಲದ ಗೋದಾಮಿನಲ್ಲಿ, ಹೊದಿಕೆ ಬಿಗಿದು, ಬಲ್ಲವರು ಉಪಯೋಗಿಸಬೇಕಾದ ವಸ್ತುವದು. ಬಾಣಂತಿ ಮಗು ಮಲಗುವ ಮನೆಯಲ್ಲಿ, ಕಿಟಕಿ ಮುಚ್ಚಿದ ಕೋಣೆಯ ಪಕ್ಕದಲ್ಲಿ, ತಿನ್ನುವ ಪದಾರ್ಥದ ಡಬ್ಬಿಯೊಳಗೆ ಅದನ್ನು ಇಡುವುದು ಮನೆಗೆ ಮೃತ್ಯುವನ್ನು ಕರೆದಂತೆ. ಮನೆಯಲ್ಲಿ ಆ ಗುಳಿಗೆಯನ್ನು ಇಟ್ಟುಕೊಳ್ಳುವುದೇ ತರವಲ್ಲ. ಹುಳುವೇನೋ ಸಾಯುತ್ತದೆ, ಅದೊಂದೇ ಸತ್ತೀತೆಂಬ ಭರವಸೆಯನ್ನು ಯಾರೂ ಕೊಡಲಾರರು.

ಹಾಗಾದರೆ ಮಾಡಬೇಕಾದುದೇನು? ಮೊದಲು ಎಲ್ಲ ಬಟ್ಟಲುಗಳನ್ನೂ ಬೆಳಕಿಗೆ ತಂದು ಒಂದೊಂದಾಗಿ ನೋಡಬೇಕು. ಹಸಿರು, ಹಳದಿ, ಕಪ್ಪು ಬೂಷ್ಟು ಕಂಡುದು, ಕಮಟು ವಾಸನೆ ಬಂದುದು, ಕೊರೆದು ಹಿಟ್ಟಾದುದು ಇವೆಲ್ಲವನ್ನೂ ಬೇರೆ ಮಾಡಿ ಸುಟ್ಟುಬಿಡಬೇಕು. ದನದ ಬಾನಿಗೂ ಹಾಕಬಾರದು. ಡಬ್ಬಿಯನ್ನು ಕುದಿಯುವ ನೀರಿನಲ್ಲಿ ತೊಳೆದು, ಅಂಚಿನ ಸಂದುಗಳಲ್ಲಿ ಕಾಗದದಂಥ ಬಿಳಿಯ ಗೂಡುಗಳಿದ್ದರೆ ಕೆರೆದು, ಒಣಗಿಸಬೇಕು. ಮನೆಯ ಉಳಿದ ಅಡಿಗೆಗೆ ಇಟ್ಟುಕೊಳ್ಳುವ ಸ್ವಚ್ಛವಾದ ಬಟ್ಟಲುಗಳನ್ನು ಕಡು ಬಿಸಿಲಿನಲ್ಲಿ ಒಂದೇ ಪದರವಾಗಿ ಹರಡಬೇಕು. ಶಾಖ 50 ಡಿಗ್ರಿ ಮೀರಿ ಕೆಲವು ಗಂಟೆ ನಿಂತರೆ ಮೊಟ್ಟೆಯೂ ಮರಿಯೂ ಉಳಿಯುವುದಿಲ್ಲ. ಬಿಸಿಲಿಲ್ಲದ ದಿನ ಶೀತಲಪೆಟ್ಟಿಗೆಯ ಹಿಮಗಟ್ಟುವ ಖಾನೆಯಲ್ಲಿ ಒಂದು ವಾರ ಇಟ್ಟರೂ ಆಗುತ್ತದೆ. ಆರಿದ ಮೇಲೆ ಬಿಗಿಯಾದ ಮುಚ್ಚಳದ ಒಣ ಡಬ್ಬಿಯಲ್ಲಿ, ಒಮ್ಮೆಗೆ ಬೇಕಾದಷ್ಟನ್ನೇ ತುಂಬಿಡಬೇಕು. ಬಾಣಂತಿಯ ಉಂಡಿಗಾದರೋ ಅಂಗಡಿಯಿಂದ ಹೊಸ ಕೊಬ್ಬರಿಯನ್ನೇ ತರುವುದು ಒಳಿತು. ಕೊಳ್ಳುವಾಗ ಮುರಿದು ನೋಡಬೇಕು. ಬಾಗದೆ ಟಕ್ಕೆಂದು ಮುರಿದು, ಒಳಗೆ ಹಾಲಿನಂತೆ ಬೆಳ್ಳಗೆ ಕಂಡರೆ ಅದು ಒಣಗಿದ ಕೊಬ್ಬರಿ.

ಅಜ್ಜಿಯ ಬಿಸಿಲಿನ ಮಾತು ಮುಕ್ಕಾಲು ಪಾಲು ಸರಿಯಾಗಿತ್ತು. ಕೊಡವಿದರೆ ಸಾಕೆಂಬುದು ಮಾತ್ರ ಸಾಲದು. ತಾಯಿಯ ಅಂಜಿಕೆಯಲ್ಲಿಯೂ ಅರ್ಧ ಸತ್ಯವಿತ್ತು. ಯಜಮಾನನು ಗುಳಿಗೆಯನ್ನು ಮರೆತು ಕೈಚೀಲ ಹಿಡಿದು ಪೇಟೆಗೆ ಹೊರಡುವುದು ಮೇಲು.

ಬಿಸಿಲಿಗೆ ಹರಡಿದ ಕೊಬ್ಬರಿಯಿಂದ ನೀಲಿ ದುಂಬಿ ಹೊರಗೆ ಬಂದು ಅಂಗಳದ ಕಲ್ಲಿನ ಮೇಲೆ ಕ್ಷಣಕಾಲ ಹೊಳೆದು, ರೆಕ್ಕೆ ಬಿಚ್ಚಿ ಹಾರಿಹೋದೀತು. ಊರ ಹೊರಗಿನ ಬಯಲಿನಲ್ಲಿ ಅದಕ್ಕೆ ಅದರದೇ ಆದ ಕೆಲಸವಿದೆ. ಅಡಿಗೆಮನೆಯಲ್ಲಿ ಒಂದು ಎಚ್ಚರಿಕೆ ಹೇಳಿಹೋಗುವುದಿತ್ತು. ಅಷ್ಟನ್ನು ಅದು ಹೇಳಿಯಾಯಿತು.